ನಾಲ್ಕು ಬೆರಳಿನ ಸಂದು

ಬೆಳಗ್ಗೆ ಗೂಡಿನ ಬಾಗಿಲು ತೆಗೆದರೆ
ಬರಬೇಕಾದ ಗದ್ದಲ ಬರಲಿಲ್ಲ.
ಒಂದೊಂದಾಗಿ ಏಳು ಕೋಳಿ ಇಳಿದವು,
ಎಂಟನೆಯದನ್ನು ಸುತ್ತು ಹಾಕಿ.

ಬೋಳುಕುತ್ತಿಗೆಯವಳು.
ಕಾವಿಗೆ ಕೂತರೆ ನನ್ನ ಕೈಯನ್ನೂ ಕುಕ್ಕುವವಳು.
ತಲೆ ಇಲ್ಲ. ಎದೆ ತುಸು ಬಗೆದಿದೆ.
ಮಿಕ್ಕಿದ್ದೆಲ್ಲ ಇಡಿಯಾಗಿ, ಇನ್ನೂ ಕೂತ ಭಂಗಿಯಲ್ಲೇ.

ನಾಪೋಕ್ಲು ಪಶು ಆಸ್ಪತ್ರೆಯಲ್ಲಿ
ಇಪ್ಪತ್ತೆರಡು ವರ್ಷ ಚೀಟಿ ಬರೆದವಳು ನಾನು.
ಅಳುವ ಮೊದಲು ನೋಡುವುದು ಅಭ್ಯಾಸ.

ಮುಂಗುಸಿ ಅಲ್ಲ. ಅದು ಹಗಲಿನದು,
ಕತ್ತಿಗೆ ಬಾಯಿ ಹಾಕಿದರೆ ಒಂದಕ್ಕೆ ನಿಲ್ಲುವುದಿಲ್ಲ.
ನಾಯಿಯೂ ಅಲ್ಲ. ನಾಯಿ ತಿನ್ನುವುದೇ ಕಡಿಮೆ,
ಅಂಗಳ ತುಂಬ ಪುಕ್ಕ ಹರಡಿ, ಆಟ ಸಾಕೆನಿಸಿದಾಗ
ಮನೆಗೆ ಹೋಗಿ ಮುಂಗಾಲ ಮೇಲೆ ಮುಸುಡಿಯಿಟ್ಟು
ಬಲು ಸಾಧುವಾಗಿ ಮಲಗುತ್ತದೆ.
ಗಿಡುಗಕ್ಕೆ ಮರಿಗಳೇ ಬೇಕು, ನೆರಳು ಮುಂದಾಗಿ ಬರುತ್ತದೆ,
ತಾಯಿ ಕೂಗುವುದು ನೆರಳನ್ನು ಕಂಡು.
ಹಾವಾದರೆ ಮೊಟ್ಟೆ ಮಾಯ, ಚಿಪ್ಪಿನ ಚೂರೂ ಇರದು.
ಹೆಬ್ಬಾವು ಬಂದ ದಾರಿಯಲ್ಲಿ ಹೋಗಲಾರದು:
ಹೋದ ಮಳೆಗಾಲ ಮೊಣ್ಣಪ್ಪನ ಗೂಡಿನಲ್ಲಿ
ಹುಂಜ ನುಂಗಿ, ಬಲೆಯೊಳಗೆ ಸಿಕ್ಕಿಕೊಂಡು
ಮದುವೆ ಊಟ ಮುಗಿಸಿದ ಸೋದರಮಾವನಂತೆ ಕೂತಿತ್ತು.

ನೆಲಕ್ಕೆ ಕೂತು, ಬಗ್ಗಿ, ಟಾರ್ಚು ಬಿಟ್ಟೆ.
ಹೆಂಚಿಗೂ ಗೋಡೆಗೂ ನಡುವೆ ನಾಲ್ಕು ಬೆರಳಿನ ಸಂದು.
ಅದರ ಅಂಚಿಗೆ ಬೂದುಗಪ್ಪು ಕೂದಲು ಐದಾರು.
ಮೂಸಿದೆ.
ಗಂಧಸಾಲೆ ಅಕ್ಕಿ ಬೇಯುವ ಘಮ.
ಮರಬೆಕ್ಕು.

ಅವಳನ್ನು ಎತ್ತಿದರೆ ಅಡಿಯಲ್ಲಿ ಮೊಟ್ಟೆ ಹನ್ನೊಂದು.
ಒಂದೂ ಒಡೆದಿಲ್ಲ.
ಇನ್ನೂ ಬೆಚ್ಚಗಿವೆ.

ಗಿರಿರಾಜ ಕೋಳಿ ಕಾವು ಕೂರುವ ಜಾತಿಯಲ್ಲ.
ನಿನ್ನೆ ಮೊನ್ನೆ ಮೊಟ್ಟೆ ಕಂಡ ಕರಿ ಹೇಂಟೆಯನ್ನು
ಬುಟ್ಟಿಗೆ ಕೂರಿಸಿ, ಮೇಲೆ ಗೋಣಿ ಮುಚ್ಚಿ,
ನಿನಗೆ ಬರುತ್ತದೋ ಇಲ್ಲವೋ, ಕೂರು ಅಂದೆ.

ಬೇಲಿಯಾಚೆ ಪೂವಯ್ಯನವರ ರೋಬಸ್ಟಾ ತೋಟ.
ಹಣ್ಣು ಕೆಂಪಗೆ ತಿರುಗಿದ ದಿನಗಳು.
ಕಲ್ಲಿನ ಮೇಲೆ ಬೆಕ್ಕಿನ ಹಿಕ್ಕೆ,
ಹಿಕ್ಕೆ ತುಂಬ ಕಾಪಿ ಬೀಜ, ಹಲ್ಲಿನ ಗುರುತಿಲ್ಲ.
ಪೂವಯ್ಯ ಕೈಚೀಲ ಹಿಡಿದು ಅದನ್ನೇ ಹೆಕ್ಕುತ್ತಿದ್ದರು.
ತೊಳೆದು ಒಣಗಿಸಿ ಕೊಟ್ಟರೆ ಕುಶಾಲನಗರದ ವ್ಯಾಪಾರಿ
ಕಿಲೋಗೆ ಎಷ್ಟು ಕೊಡುತ್ತಾನೆಂದು ಚೆಯ್ಯಂಡಾಣೆಗೆಲ್ಲ ಗೊತ್ತು,
ಅವರ ಹೆಂಡತಿಗೆ ಬಿಟ್ಟು.

ಕಾಲು ಹಿಡಿದು ಕೋಳಿಯನ್ನು ಎತ್ತಿ ತೋರಿಸಿದೆ.
"ನಿಮ್ಮ ಬೆಕ್ಕು."
"ನನ್ನದೆಲ್ಲಿ ಬಂತು? ಕಾಡಿನದು."
"ಹಿಕ್ಕೆ ಮಾತ್ರ ನಿಮ್ಮದೋ?"

ಬಹಳ ಹೊತ್ತು ಚೀಲದ ಬಾಯಿ ಮುಚ್ಚುತ್ತ ನಿಂತರು.
ಕೋವಿ ಗೀವಿ ಬೇಡ, ಅಂದರು,
ಅವರ ಮನೆಯಲ್ಲಿದೆ ಕೋವಿ, ನನ್ನ ಮನೆಯಲ್ಲಿಲ್ಲ.
ವಿಷದ ಮಾತು ಇಬ್ಬರೂ ಎತ್ತಲಿಲ್ಲ.
ವಿಷ ತಿಂದ ನಾಯಿ, ಹಸು, ಒಮ್ಮೆ ಒಂದು ನವಿಲು,
ಎಲ್ಲ ನನ್ನ ಟೇಬಲ್ಲಿನ ಮೇಲೆಯೇ ಒದ್ದಾಡಿದ್ದವು.
ಬೋನಿಟ್ಟು ದೂರ ಬಿಟ್ಟು ಬಂದರೆ
ಖಾಲಿಯಾದ ಮರಕ್ಕೆ ಇನ್ನೊಂದು ಬರುತ್ತದೆ,
ಸಂದು ಇದ್ದಲ್ಲೇ ಇರುತ್ತದೆ.

ಹನ್ನೊಂದು ಗಂಟೆಗೆ ಜೀಪಿನ ಸದ್ದು.
ಅರ್ಧ ಇಂಚಿನ ಕಣ್ಣಿನ ಜಾಲರಿ ಒಂದು ಸುರುಳಿ,
ಇಕ್ಕಳ, ಸ್ಟೇಪಲ್ ಮೊಳೆ, ಮತ್ತು ಪೂವಯ್ಯ.
ಏಣಿಯ ಮೇಲೆ ಅವರು, ಏಣಿ ಹಿಡಿದು ನಾನು.
ಮೊಳೆಗಿಂತ ಹೆಬ್ಬೆರಳಿಗೇ ಹೆಚ್ಚು ಪೆಟ್ಟು ಬಿತ್ತು.
ಗೋಡೆಯ ಬುಡಕ್ಕೂ ಒಂದು ಗೇಣು ಅಗೆದು ಹೂಳಿದೆವು,
ಕೊಂಡಿಗೆ ಎರಡನೆಯ ಚಿಲಕ ಹಾಕಿದೆವು.
ಚಹಾ ಕುಡಿಯುವಾಗ ಕೇಳಿದೆ,
ಒಂದು ಕೋಳಿಗೆ ಎಷ್ಟು ಬೀಜ ಸಮ?
ಲೆಕ್ಕ ಹಾಕುತ್ತ ಹಾಕುತ್ತ ಜೀಪು ಹತ್ತಿದರು.

ಬೋಳುಕುತ್ತಿಗೆಯವಳನ್ನು
ಬಟರ್‌ಫ್ರೂಟ್ ಮರದ ಬುಡದಲ್ಲಿ ಹೂತೆ.

ರಾತ್ರಿ ಎರಡಕ್ಕೆ ಜಾಲರಿಯ ಮೇಲೆ ಉಗುರು.
ಸುತ್ತ ಒಮ್ಮೆ, ಮೂಲೆಗೆ ನಿಂತು, ಇನ್ನೊಮ್ಮೆ ಸುತ್ತ.
ಮಂಚದಲ್ಲಿ ಕೂತು ಕೇಳಿದೆ.
ಒಳಗೆ ಒಂದು ಕೋಳಿ ಗೊಣಗಿತು, ಅಷ್ಟೇ.

ಬೆಳಗ್ಗೆ ನೋಡಿದರೆ ನನ್ನ ಮೆಟ್ಟಿಲ ಮೇಲೆ,
ಸರಿಯಾಗಿ ನಡುವಿಗೆ, ಒಂದು ಹಿಡಿ ಬೀಜ.
ಎರಡು ಕಡ್ಡಿಯಲ್ಲಿ ಹೆಕ್ಕಿ
ಹಾರ್ಲಿಕ್ಸ್ ಡಬ್ಬಿಗೆ ಹಾಕಿದೆ.
ಪೂವಯ್ಯನವರಿಗೆ ಇನ್ನೂ ಹೇಳಿಲ್ಲ.