ಕಚ್ಚಾ ಹೊಲಿಗಿ

ಮೊದಲ ದಿನದ ತಪ್ಪು ನನ್ನದೇ.
ದನದ ದವಾಖಾನಿ ಕಾಂಪೌಂಡರ್ ಸೈಬಣ್ಣ ಕೊಟ್ಟ ಬುಟ್ಟಿಯನ್ನು
ಗಾಜೀಪುರದ ಈ ಒಂದೂವರೆ ಖೋಲಿಯ ನಟ್ಟನಡುವೆ
ಶಹಾಬಾದಿ ಕಲ್ಲಿನ ಮೇಲೆ ತೆರೆದಿಟ್ಟೆ,
ಬೀಗರ ಮುಂದೆ ತಾಟು ಇಟ್ಟ ಹಾಗೆ.

ಹಿಡಿ ತುಂಬ ರೋಮ ಹಾರಿತು.
ಅರ್ಧ ಹೊಲಿದ ಹಸಿರು ಕುಪ್ಪಸಕ್ಕೆ ಅಂಟಿದ ಒಂದೆರಡು ಬಿಳಿ ಎಳೆ
ಈಗ ಯಾರ ಮದುವೆಯಲ್ಲಿ ತಿರುಗುತ್ತಿವೆಯೋ.

ನಾಲ್ಕು ವರ್ಷ ಮಷೀನಿನ ಬುಡದಲ್ಲಿ
ಒಬ್ಬಳೇ ಆಳಿದವಳು ಬೆಣ್ಣಿ.
ಆ ರಾತ್ರಿ ಹಿಂಗಾಲಿನಿಂದ ನೆಲ ಗುದ್ದಿದಳು.
ಧಪ್.
ಎಲ್ಲರೂ ಮಲಗಿದ ಮೇಲೆ ಮತ್ತೆ ಧಪ್.
ಕೆಳಗಿನ ಮನೆಯಿಂದ ಕೂಗು:
"ಚಂದ್ರಕಲಾಬಾಯಿ, ಇಷ್ಟೊತ್ತಿನಾಗ ಖಾರ ಕುಟ್ಟಲಾಕತ್ತೀರೇನು?"

ಹೊಸಬನ ಹಣೆಯಲ್ಲಿ ಬಿಳಿ ಬೊಟ್ಟು.
"ಸುಣ್ಣ ಅಂತ ಹೆಸರಿಡ್ರಿ ಅಕ್ಕ," ಎಂದಳು
ಹೊಲಿಗೆ ಕಲಿಯಲು ಬರುವ ನಜ್ಮೀನ್.
ಬ್ಯಾಡವ್ವ,
ಒಂದು ಕಣ್ಣಿಗೆ ಬೆಣ್ಣಿ, ಒಂದು ಕಣ್ಣಿಗೆ ಸುಣ್ಣ ಅಂತ
ಓಣಿ ಮಂದಿ ಆಡಿಕೊಳ್ಳೋದು ಯಾಕ?
ಮೈಬಣ್ಣ ನೋಡಿ ಹಿಂಡಿ ಅಂತಿಟ್ಟೆ, ಶೇಂಗಾ ಹಿಂಡಿ.
ರೊಟ್ಟಿಗೆ ಎರಡೂ ಬೇಕಲ್ಲ.

ಆಮೇಲೆ ನನ್ನ ಕಸುಬಿಗೆ ಇಳಿದೆ.
ತುಂಡು ಬಟ್ಟೆಗೆ ಇಲ್ಲಿ ಬರವೆ?
ಹಿಂಡಿಯ ಗಲ್ಲ ಒರೆಸಿದ ಲೈನಿಂಗ್ ತುಂಡು ಬೆಣ್ಣಿಯ ಗೂಡಿಗೆ,
ಬೆಣ್ಣಿ ಮಲಗೆದ್ದ ಪಾಪ್ಲಿನ್ ಅವನ ಕಡೆಗೆ,
ನಡುವೆ ಕಬ್ಬಿಣದ ಜಾಳಿಗೆ.
ಮೊದಲನೆಯದನ್ನು ಚಿಂದಿ ಮಾಡಿದಳು.
ಎರಡನೆಯದರ ಮೇಲೆ ಉಚ್ಚೆ ಹೊಯ್ದಳು.
ಎಂಟನೆಯ ದಿನವೋ, ಒಂಬತ್ತನೆಯದೋ,
ಅದರ ಮೇಲೇ ಗದ್ದ ಊರಿ ನಿದ್ದೆ ಹೋದಳು.
ಮೆಂತೆ ಪಲ್ಯೆಯ ತಾಟುಗಳನ್ನು ದಿನಕ್ಕೊಂದು ಬೆರಳಿನಷ್ಟು
ಜಾಳಿಗೆಯ ಹತ್ತಿರ ಸರಿಸುತ್ತ ಬಂದೆ.
ಟೇಪು ಹಿಡಿದು ಅಳೆದೆ. ನಗಬೇಡಿ.

"ಕಚ್ಚಾ ಹೊಲಿಗಿ ಹಾಕದೇ ಮಷೀನಿಗಿ ಕೊಟ್ರ
ಬಟ್ಟಿ ಎಳೀತದ"
ಅಂತ ನಜ್ಮೀನಳಿಗೆ ದಿನಾ ಹೇಳುವವಳು ನಾನೇ.

ಮೇ ತಿಂಗಳ ಮಧ್ಯಾಹ್ನ ಕರೆಂಟು ಹೋಯಿತು.
ಕೂಲರ್ ನಿಂತದ್ದೇ ಖೋಲಿ ರೊಟ್ಟಿಯ ಹಂಚಾಯಿತು.
ಇದ್ದದ್ದು ಒಂದೇ ಗೋಣಿತಾಟು.
ತೋಯಿಸಿ ಎದುರುಮನೆಯ ಪಡಸಾಲೆಯಲ್ಲಿ ಹಾಸಿದೆ:
ಅದು ಇಬ್ಬರಿಗೂ ಪರಸ್ಥಳ,
ಯಾರ ವಾಸನೆಯೂ ಇಲ್ಲದ ನೆಲ.
ದಪ್ಪ ಟವೆಲು ಹಿಡಿದು ಕೂತೆ, ಜಗಳ ಬಿಡಿಸಲು ತಯಾರಾಗಿ.
ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ.

ಗೋಣಿಯ ಆ ತುದಿಗೆ ಅವನು, ಈ ತುದಿಗೆ ಇವಳು.
ಬಹಳ ಹೊತ್ತು ಇಬ್ಬರೂ ಬೇರೆಲ್ಲೋ ನೋಡಿದರು.
ಕೊನೆಗೆ ಬೆಣ್ಣಿ ಸರಿದು ಹೋಗಿ
ಅವನ ಮೂಗಿನ ಕೆಳಗೆ ತಲೆ ತಗ್ಗಿಸಿದಳು.

ಸೋತಳು ಪಾಪ, ಅಂದೆ ಫೋನಿನಲ್ಲಿ.
ಸೈಬಣ್ಣ ನಕ್ಕ:
"ಸೋಲಲ್ಲಕ್ಕ, ಅದು ಹುಕುಂ.
ನೆಕ್ಕು ಅನ್ನಲಾಕತ್ತದ."

ಹಿಂಡಿ ಯೋಚಿಸಿದ.
ನೆಕ್ಕಿದ, ಒಂದು ಕಿವಿ ಮಾತ್ರ.

ಈಗ ಒಂದೇ ಗೂಡು.
ಜಾಳಿಗೆ ಮಾತ್ರ ಗೋಡೆಗೆ ಒರಗಿಯೇ ಇದೆ,
ಗುಜರಿಯವನು ಎರಡು ಸಲ ಕೇಳಿಹೋದ.
ತಾಟುಗಳನ್ನು ಇನ್ನೂ ಗೇಣು ದೂರದಲ್ಲೇ ಇಡುತ್ತೇನೆ.
ಕಚ್ಚಾ ನೂಲು ಎಳೆದು ತೆಗೆಯಲು
ನನಗೇನೂ ಅವಸರವಿಲ್ಲ.