ಚಾಕು ಪರೀಕ್ಷೆ

ಅಂಟಿಸುವವರು ಆಚೆ ಶೆಡ್ಡಿನಲ್ಲಿದ್ದಾರೆ.
ನನ್ನದು ಬಿಡಿಸುವ ಕೆಲಸ.
ಬೈಕಂಪಾಡಿಯ ಪ್ಲೈವುಡ್ ಕಾರ್ಖಾನೆ, ಹಿಂದಿನ ಕೋಣೆ,
ಒಂದು ಒಲೆ, ಒಂದು ಹಂಡೆ, ಒಂದು ಮೊಂಡು ಚಾಕು,
ಕಣ್ಣುರಿಸುವ ಫಾರ್ಮಲಿನ್ ವಾಸನೆ.
ಮೊದಲ ವಾರ ಕಣ್ಣೀರು ಬಂತು,
ಈಗ ಮೂಗಿಗೆ ಗೊತ್ತೇ ಆಗುವುದಿಲ್ಲ.

ದೋಣಿಗೆ ಹೋಗುವ ಹಲಗೆಯಾದರೆ
ಎಪ್ಪತ್ತೆರಡು ಗಂಟೆ ಕುದಿಸಬೇಕು.
ಮೂರು ಹಗಲು, ಮೂರು ರಾತ್ರಿ,
ಕುಚ್ಚಲಕ್ಕಿಗೂ ಇಷ್ಟು ಬೆಂಕಿ ಯಾರೂ ಹಾಕುವುದಿಲ್ಲ.
ಆಮೇಲೆ ತಣಿಸಿ, ಪದರದ ಸಂದಿಗೆ ಚಾಕು ತೂರಿಸಿ
ಮೀಟುತ್ತೇನೆ.

ಬಿಡುತ್ತದೆ. ಬಲ ಹಾಕಿದರೆ ಎಲ್ಲವೂ ಬಿಡುತ್ತದೆ.
ಹೇಗೆ ಬಿಟ್ಟಿತು ಅನ್ನುವುದೇ ನನ್ನ ರಿಜಿಸ್ಟರು.
ಅಂಟಿನ ಮೇಲೆ ಮರದ ನಾರು ಕಿತ್ತುಕೊಂಡು ನಿಂತಿದ್ದರೆ
ಪಾಸು.
ಕೆಂಪಗೆ, ಕನ್ನಡಿಯ ಹಾಗೆ ನುಣ್ಣಗೆ ಬಿಟ್ಟರೆ
ಫೇಲು. ಅದು ಅಂಟಿಯೇ ಇರಲಿಲ್ಲ,
ಪಕ್ಕದಲ್ಲಿ ಮಲಗಿತ್ತು, ಅಷ್ಟೆ.

ನುಣುಪು ಅನ್ನುವುದು ಕಣ್ಣಿನ ಸುಳ್ಳು
ಅನ್ನುತ್ತಾರೆ ಲ್ಯಾಬಿನ ಹಿಲ್ಡಾ ಮೇಡಂ.
ಎರಡು ಹಲಗೆ ಒಂದರ ಮೇಲೊಂದು ಇಟ್ಟರೆ
ತಾಗುವುದು ಗುಡ್ಡದ ತುದಿಗೆ ಗುಡ್ಡದ ತುದಿ,
ನಡುವೆ ಎಲ್ಲ ಕಣಿವೆ, ಗಾಳಿ.
ಅಂಟು ಮೊದಲು ನೀರಿನ ಹಾಗೆ ಹರಿಯಬೇಕು,
ಕಣಿವೆಗಿಳಿದು ಒದ್ದೆ ಮಾಡಬೇಕು,
ಅಲ್ಲೇ ಗಟ್ಟಿಯಾಗಬೇಕು.
ಕೆಸುವಿನ ಎಲೆಯ ಮೇಲೆ ಎಷ್ಟು ಸುರಿದರೂ ಹನಿ ದುಂಡಗೇ.
ಒದ್ದೆಯಾಗಲು ಒಪ್ಪದ್ದಕ್ಕೆ
ಯಾವ ಗೋಂದೂ ಇಲ್ಲ ಮಾರಾಯ್ತಿ.

ಮಳೆಗಾಲದಲ್ಲಿ ಇನ್ನೊಂದು ಕಷ್ಟ ಉಂಟು.
ಸ್ಟೇಟ್ ಬ್ಯಾಂಕಿನಲ್ಲಿ ಬಸ್ಸು ನಿಲ್ಲುವ ಮೊದಲೇ
ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುತ್ತಾರಲ್ಲ,
ಹಾಗೆ ನೀರು
ಮರದ ಪ್ರತಿ ಸಂದಿಯಲ್ಲೂ ಟವೆಲು ಹಾಕಿ ಕೂತಿರುತ್ತದೆ.
ಅಂಟು ನಿಂತೇ ಪ್ರಯಾಣ ಮಾಡುತ್ತದೆ,
ಸುರತ್ಕಲ್ ಬರುವುದರೊಳಗೆ ಇಳಿದುಬಿಡುತ್ತದೆ.

ಹನ್ನೊಂದು ತಿಂಗಳು ನಾನು ಕಾಪುವಿನಲ್ಲಿದ್ದೆ.
ಕೋರ್ಟಿನಲ್ಲಿ ಸಹಿ ಹಾಕಿದ ದಿನ
ಉಡುಪಿಯಿಂದ ಬರುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೂತು
ಅಭ್ಯಾಸಬಲ, ನನ್ನ ಅಂಚನ್ನೇ ನೋಡಿಕೊಂಡೆ.
ಪುರಂದರ ಇದ್ದ ಕಡೆ ಒಂದು ನಾರೂ ಇರಲಿಲ್ಲ.
ಕೋಪವೂ ಇರಲಿಲ್ಲ. ನುಣ್ಣಗಿತ್ತು.
ಬಸ್ಸು ಕಾಪುವಿನಲ್ಲಿ ನಿಂತಾಗ ಅಳು ಬಂದೀತು ಅಂದುಕೊಂಡೆ.
ಪಡುಬಿದ್ರಿಯಲ್ಲಿ ನೆಲಕಡಲೆ ತಿಂದೆ.

ಆದರೆ ಮಾಮಿ ಫೋನು ಮಾಡುತ್ತಾರೆ.
ಮಗನ ಸುದ್ದಿ ಇಲ್ಲ, ಕೋರ್ಟಿನ ಸುದ್ದಿ ಇಲ್ಲ,
ಪಚ್ಚಿಲೆ ಬಂದಿದೆ, ಕಳಿಸುತ್ತೇನೆ, ಅಷ್ಟೆ.
ನಿನ್ನೆ ಕಂಡಕ್ಟರನ ಕೈಯಲ್ಲಿ
ಒದ್ದೆ ಗೋಣಿಯ ಗಂಟು ಕೊಟ್ಟು ಕಳಿಸಿದ್ದರು.
ರಾತ್ರಿ ಬೆಂಗ್ರೆಯ ಮನೆಯಲ್ಲಿ ಮಣೆ ಹಾಕಿ ಕೂತು
ಒಂದೊಂದನ್ನೇ ತಿಕ್ಕಿದೆ, ಗಡ್ಡ ಕಿತ್ತೆ.

ಈ ಚಿಪ್ಪಿಯ ವಿದ್ಯೆ ನಮ್ಮ ಕಾರ್ಖಾನೆಗೆ ಬಾರದು.
ಪ್ರೆಸ್ಸಿಲ್ಲ, ಬೆಂಕಿಯಿಲ್ಲ, ಒಣಗಿದ ಒಂದು ಗಳಿಗೆಯಿಲ್ಲ;
ತೆರೆ ಹೊಡೆಯುತ್ತಿರುವಾಗಲೇ ಕಾಲು ಚಾಚಿ
ಕಲ್ಲಿನ ಮೇಲೆ ಕೂತ ನೀರನ್ನು ಸ್ವಲ್ಪ ಆಚೆ ಸರಿಸಿ
ಚುಕ್ಕೆಯಷ್ಟು ಅಂಟು ಊರಿ
ನೂಲು ಎಳೆಯುತ್ತದೆ. ಇನ್ನೊಂದು. ಮತ್ತೊಂದು.
ಹಿಲ್ಡಾ ಮೇಡಂ ಇದರ ಬಗ್ಗೆ ದಪ್ಪ ದಪ್ಪ ಪೇಪರು ಓದುತ್ತಾರೆ.
ಮಾಮಿಗೆ ಓದು ಬಾರದು.
ನಾನು ಹೋದ ಹೊಸತರಲ್ಲಿ ಕಾವಲಿಗೆ ಕೈ ತಾಗಿದಾಗ
ಏನೂ ಕೇಳದೆ ತೆಂಗಿನೆಣ್ಣೆ ಸವರಿ,
ಉಳಿದ ದೋಸೆ ತಾವೇ ಹೊಯ್ದಿದ್ದರು.

ಕೊನೆಯ ಗಡ್ಡವನ್ನು ಬಲ್ಬಿನ ಹತ್ತಿರ ಹಿಡಿದೆ.
ನೂಲಿನ ತುದಿಯಲ್ಲಿ, ಸಾಸಿವೆಗಿಂತ ಸಣ್ಣದು,
ಕಾಪುವಿನ ಬಂಡೆಯ ಚೂರು.
ಕಲ್ಲೇ ಕಿತ್ತು ಬಂದಿದೆ.

ರಿಜಿಸ್ಟರು ಮನೆಯಲ್ಲಿರಲಿಲ್ಲ.
ಕೈ ಒರೆಸಿ ಫೋನು ಮಾಡಿದೆ:
ಮಾಮೀ, ಪುಂಡಿಗೆ ಅಕ್ಕಿ ಎಷ್ಟು ಹೊತ್ತು ನೆನೆಸುವುದು?