ಅಯಸ್ಕಾಂತ ಹಿಡಿಯುವ ಜಾಗ

ಶೆಫೀಲ್ಡಿನಲ್ಲಿ, ಡಾನ್ ಹೊಳೆಯ ದಂಡೆಗೆ ಬೆನ್ನು ಹಾಕಿದ
ಹಳೇ ಕಾರ್ಖಾನೆಯ ಹಿಂಬದಿ ಕೋಣೆಯಲ್ಲಿ ನನ್ನ ಕೆಲಸ ಇಷ್ಟೇ:
ಬೆರಳಗಲದ ಉಕ್ಕಿನ ಪಟ್ಟಿಯನ್ನು ಯಂತ್ರದ ಎರಡು ದವಡೆಗೆ ಕಚ್ಚಿಸಿ
ಎಳೆಯುವುದು, ನಿಲ್ಲಿಸುವುದು, ಅಳೆಯುವುದು,
ಮತ್ತೆ ಎಳೆಯುವುದು.

ತುಕ್ಕು ಹಿಡಿಯದ ಉಕ್ಕು. ಅಯಸ್ಕಾಂತವೂ ಹಿಡಿಯದ ಉಕ್ಕು,
ಅಂದರೆ ಯಾರೂ ಅದರ ತಂಟೆಗೆ ಹೋಗದಿದ್ದಾಗ.
ಎಳೆದರೆ ಒಳಗೆ ಪದರ ಪದರವಾಗಿ ಜಾರುತ್ತದೆ.
ಪರಮಾಣುಗಳು ಮನೆ ಬದಲಿಸುವುದಿಲ್ಲ,
ನೆರೆಹೊರೆ ಅದೇ, ಬೀದಿ ಅದೇ,
ಇದ್ದಲ್ಲೇ ಎಲ್ಲರೂ ಒಟ್ಟಿಗೆ ಮಗ್ಗುಲು ಹೊರಳುತ್ತಾರೆ ಅಷ್ಟೆ,
ಆಸ್ಟೆನೈಟ್ ಎಂಬುದು ಮಾರ್ಟೆನ್‌ಸೈಟ್ ಆಗಿಬಿಡುತ್ತದೆ.
ಕಣ್ಣಿಗೆ ಏನೂ ಇಲ್ಲ. ಮಾಪಕದ ಮೂತಿ ತಾಗಿಸಿದರೆ ಮಾತ್ರ
ಪರದೆಯಲ್ಲಿ ಅಂಕಿ: ಸೊನ್ನೆ ಪಾಯಿಂಟ್ ಎಂಟು.
ಮೂರು. ಹನ್ನೊಂದು.

ಯಂತ್ರ ಕ್ಲಿಫರ್ಡ್ ಸ್ಟ್ಯಾನಿಫೋರ್ತ್‌ನ ಸುಪರ್ದಿ.
ನಿವೃತ್ತಿಗೆ ಏಳು ತಿಂಗಳು. ಎಲ್ಲರಿಗೂ ‘ಲವ್’ ಅನ್ನುತ್ತಾನೆ,
ಜಾಮ್ ಆದ ಬೋಲ್ಟಿಗೂ.
ಅವನ ತಾಯಿ ಇದೇ ಬೀದಿಯಲ್ಲಿ ಚಮಚಕ್ಕೆ ಹೊಳಪು ಕೊಡುತ್ತಿದ್ದಳಂತೆ,
ಕಾಲಿಗೆ ಕಂದು ಕಾಗದ ಸುತ್ತಿಕೊಂಡು, ಸಂಜೆ
ಕಣ್ಣು ಹಲ್ಲು ಬಿಟ್ಟು ಮಿಕ್ಕಿದ್ದೆಲ್ಲ ಕಪ್ಪಾಗಿ ಮನೆಗೆ ಬರುತ್ತಿದ್ದಳಂತೆ.

ಜನವರಿಯಲ್ಲಿ ಅಂಕಿಗಳು ಕೈಕೊಟ್ಟವು.
ಅದೇ ಉಕ್ಕು, ಅದೇ ಎಳೆತ, ಬಂದದ್ದು ಒಂದೂವರೆ ಪಟ್ಟು.
ಮಾಪಕವನ್ನು ಶಂಕಿಸಿದೆ, ಉಕ್ಕು ಕಳಿಸಿದವರನ್ನು ಶಂಕಿಸಿದೆ,
ಕೊನೆಗೆ, ವಾಡಿಕೆಯಂತೆ, ನನ್ನನ್ನು.
ಮೂರು ವಾರ. ರಾತ್ರಿ ಎದ್ದು ಗುಣಾಕಾರ ಮಾಡಿದೆ.
ಕ್ಲಿಫರ್ಡ್ ನನ್ನ ಪುಸ್ತಕ ತಿರುವಿ ಒಂದು ಪುಟದಲ್ಲಿ ನಿಂತ:
‘ನಿನ್ನ ಅಕ್ಷರ ನೋಡು ಲವ್, ಕೋಳಿ ಕೆದರಿದ ಹಾಗಿದೆ.
ಕೈಗವಸು ಹಾಕಿ ಬರೆದದ್ದು. ಆ ವಾರ ಬಾಯ್ಲರ್ ಕೆಟ್ಟಿತ್ತು.’

ಹೌದಲ್ಲ. ಬೆಚ್ಚಗಿದ್ದರೆ ಈ ಉಕ್ಕು ಹಟ ಮಾಡುತ್ತದೆ,
ಹಳೆಯದಾಗಿಯೇ ಇರುತ್ತೇನೆ ಅನ್ನುತ್ತದೆ.
ಚಳಿಯಲ್ಲಿ ಬೇಗ ಮಣಿಯುತ್ತದೆ.
ರಭಸದಿಂದ ಎಳೆದರೂ ಅಷ್ಟೆ, ಮೈ ಬಿಸಿಯೇರಿ ಮೊಂಡಾಗುತ್ತದೆ.
ನಾನು ಪುಸ್ತಕದಲ್ಲಿ ಹೊಸ ಗೆರೆ ಎಳೆದು ಮೇಲೆ ಬರೆದೆ: ಉಷ್ಣತೆ.
ಇನ್ನೊಂದೂ ಆಗ ಕಲಿತೆ. ಭಾರ ಹೊತ್ತಾಗ ಕೇಳಿದರೆ
ಇರುವುದಕ್ಕಿಂತ ಕಡಿಮೆ ಹೇಳುತ್ತದೆ ಅದು.
ಇಳಿಸಬೇಕು, ಒಂದು ನಿಮಿಷ ಬಿಡಬೇಕು,
ಆಮೇಲೆ ಕೇಳಬೇಕು.

ಮೊನ್ನೆ ಊಟದ ಹೊತ್ತಿಗೆ ಯಂತ್ರ ಖಾಲಿಯಿತ್ತು.
ಚಿತ್ರಾನ್ನ ಮುಗಿಸಿ ತೊಳೆದ ತಟ್ಟೆಯ ಮೇಲೆ ಸುಮ್ಮನೆ ಮಾಪಕವಿಟ್ಟೆ.
ನಡುವೆ ಸೊನ್ನೆ. ಅಂಚು ಮಡಿಸಿದಲ್ಲಿ ಎರಡೂವರೆ.
ಮತ್ತೆ ಹಿಂಬದಿಯಲ್ಲಿ, ಮೊಳೆಯ ಮೊನೆಯಿಂದ
ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ಹೆಸರಿನ ಮೇಲೆ
ಸೊನ್ನೆ ಪಾಯಿಂಟ್ ಮೂರು.
ಸರಿಸಿದೆ, ಹೋಯಿತು. ತಂದಿಟ್ಟೆ, ಬಂತು.
ಸೌ. ಪದ್ಮಾಕ್ಷಮ್ಮ, ೧೯೮೧.

‘ಯಾರು? ನಿನ್ನ ಅಜ್ಜಿಯೇ?’
ಅಲ್ಲ. ನಮ್ಮ ಮನೆಯಲ್ಲಿ ಆ ಹೆಸರಿನವರೇ ಇಲ್ಲ.
ಯಾವುದೋ ಮುಯ್ಯಿಯ ಊಟದಲ್ಲಿ ಅದಲುಬದಲಾಗಿ ಬಂದ ತಟ್ಟೆ,
ನಮ್ಮದು ಅವರ ಮನೆಯಲ್ಲಿರಬೇಕು.
ನಲವತ್ತು ವರ್ಷ ಹುಣಿಸೆಹಣ್ಣು ಹಚ್ಚಿ ತಿಕ್ಕಿದ್ದೇವೆ,
ಯಾರೂ ವಾಪಸು ಕೇಳಲಿಲ್ಲ.
ಪಾತ್ರೆ ಅಂಗಡಿಯ ಯಾವ ಹುಡುಗ ಕುಟ್ಟಿದನೋ,
ಒಂದು ಚುಕ್ಕಿಗೆ ಒಂದು ಪೆಟ್ಟು,
ಪ್ರತಿ ಪೆಟ್ಟಿನ ಅಡಿ ಸಾಸಿವೆಯಷ್ಟು ಉಕ್ಕು ಹೊರಳಿ ಮಲಗಿದೆ,
ಎದ್ದಿಲ್ಲ.

ಕ್ಲಿಫರ್ಡ್ ಕನ್ನಡಕ ಹಣೆಗೇರಿಸಿ
ಆ ಅಕ್ಷರಗಳನ್ನು ಹೆಬ್ಬೆರಳಿನಿಂದ ಸವರಿದ.
ಹೆಸರನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡು
ತಾನೂ ಹೇಳಿದ, ತಪ್ಪಾಗಿ, ಜೋಪಾನವಾಗಿ.
ಆಮೇಲೆ ಪೆನ್ನು ತೆಗೆದು ನನ್ನ ಪುಸ್ತಕದಲ್ಲೇ ಬರೆದ:
ಮಾದರಿ ನಾನೂರ ಹದಿಮೂರು.
ಭಾರ: ಇಲ್ಲ.
ಉಷ್ಣತೆ: ಹತ್ತೊಂಬತ್ತು.